ತಲೆಗೆ ಪೆಟ್ಟಾದ ಸಂಗಾತಿಯ ಜೊತೆ ಮನೆಗೆ ಬಂದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯವರು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಆರು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಹದಿನೇಳು ದಿನ ಐಸಿಯು, ಎರಡು ಆಪರೇಷನ್, ಆಮೇಲೆ ಮನೆ. ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು ಇರುತ್ತಾರೆ. ಮನೆಗೆ ಬಂದ ಮೇಲೆ ಏನು ಮಾಡಬೇಕು ಅಂತ ಹೇಳುವವರು ಕಡಿಮೆ. ಫಿಸಿಯೋಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಾಗ ಬೇರೆಯವರ ಹೆಂಡತಿಯರು, ಅಪರೂಪಕ್ಕೆ ಗಂಡಂದಿರು, ನನ್ನನ್ನು ಕೇಳಿದ ಪ್ರಶ್ನೆಗಳು ಇವು. ನಾನು ಡಾಕ್ಟರಲ್ಲ. ಔಷಧಿಯ ವಿಷಯ ನಿಮ್ಮ ಡಾಕ್ಟರ ಹತ್ತಿರವೇ ತೀರ್ಮಾನವಾಗಲಿ.

ಇವರು ಮೊದಲಿನ ಹಾಗೆ ಆಗುತ್ತಾರಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೇಸ್ ಶೀಟಿನಲ್ಲಿ ಜಿಸಿಎಸ್ ಅಂತ ಒಂದು ಸಂಖ್ಯೆ ನೋಡಿರುತ್ತೀರಿ. ಪ್ರಜ್ಞೆ ಎಷ್ಟಿದೆ ಅಂತ ನೋಡಲು ಗ್ಲಾಸ್ಗೋ ಊರಿನ ಡಾಕ್ಟರುಗಳು 1974ರಲ್ಲಿ ಮಾಡಿದ ಅಳತೆ (ಗ್ಲಾಸ್ಗೋ ಕೋಮಾ ಸ್ಕೇಲ್) ಅದು: ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಏನೂ ಇಲ್ಲದಿದ್ದರೂ 3 ಸಿಗುತ್ತದೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ಇವರದ್ದು 6 ಇತ್ತು. ಆ ಸಂಖ್ಯೆ ಹಿಡಿದುಕೊಂಡು ನಾನು ಎಷ್ಟೋ ರಾತ್ರಿ ಲೆಕ್ಕ ಹಾಕಿದ್ದೇನೆ. ಅದು ಆ ದಿನದ ಸ್ಥಿತಿ ಹೇಳುತ್ತದೆಯೇ ಹೊರತು ಎರಡು ವರ್ಷದ ನಂತರ ಇವರು ಚಪಾತಿ ಮುರಿದು ತಿನ್ನುತ್ತಾರೋ ಇಲ್ಲವೋ ಅನ್ನುವುದನ್ನು ಹೇಳುವುದಿಲ್ಲ.

ಚೇತರಿಕೆ ಮೊದಲ ಆರು ತಿಂಗಳು ಜೋರಾಗಿರುತ್ತದೆ. ಎರಡು ವರ್ಷದವರೆಗೂ ಕಣ್ಣಿಗೆ ಕಾಣುವಷ್ಟು ಇರುತ್ತದೆ, ಆಮೇಲೆ ನಿಧಾನವಾಗುತ್ತದೆ. ನಿಲ್ಲುತ್ತದೆ ಅಂತಲ್ಲ. ಇವರು ಶರ್ಟಿನ ಗುಂಡಿ ತಾವೇ ಹಾಕಿಕೊಂಡಿದ್ದು ಮೂರನೇ ವರ್ಷದಲ್ಲಿ. ಆದರೆ ತೀವ್ರ ಪೆಟ್ಟು ತಿಂದ ಹೆಚ್ಚಿನವರಲ್ಲಿ ಸ್ವಭಾವ, ನೆನಪು, ಆಯಾಸ ಇವುಗಳಲ್ಲಿ ಏನಾದರೂ ಒಂದು ಬದಲಾಗಿಯೇ ಉಳಿಯುತ್ತದೆ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಅಳುತ್ತಿದ್ದೆ, ಆದರೆ ಎರಡು ವರ್ಷ ಕಾದು ಕೂರುತ್ತಿರಲಿಲ್ಲ.

ಪ್ರಜ್ಞೆ ಬಂದಿದೆ, ಆದರೆ ನನ್ನ ಗುರುತೇ ಇಲ್ಲ. ಹೊಡೆಯಲು ಬರುತ್ತಾರೆ, ಪೈಪು ಕಿತ್ತು ಹಾಕುತ್ತಾರೆ.

ಸಿನಿಮಾದಲ್ಲಿ ಕಣ್ಣು ಬಿಟ್ಟ ಕೂಡಲೇ ಹೆಸರು ಕರೆಯುತ್ತಾರೆ. ನಿಜದಲ್ಲಿ ಮೊದಲು ಕಣ್ಣು ತೆರೆಯುತ್ತದೆ, ನೋಟ ಇರುವುದಿಲ್ಲ. ಆಮೇಲೆ ನೋಟ ಬರುತ್ತದೆ, ಅರ್ಥ ಇರುವುದಿಲ್ಲ. ನಡುವೆ ಗೊಂದಲದ, ಕೂಗಾಟದ ಒಂದು ಘಟ್ಟವಿದೆ. ಆಗ ದಿನದ ನೆನಪು ದಿನಕ್ಕೇ ಅಳಿಸಿಹೋಗುತ್ತಿರುತ್ತದೆ. ಇವರು ನನ್ನನ್ನು ಹನ್ನೊಂದು ದಿನ "ಸಿಸ್ಟರ್" ಅಂತ ಕರೆದರು. ನರ್ಸುಗಳಿಗೆ ನಗು, ನನಗೆ ಎದೆ ಒಡೆದಿತ್ತು.

ನೋಡಲು ಭಯಂಕರವಾದರೂ ಇದು ಚೇತರಿಕೆಯ ದಾರಿಯಲ್ಲೇ ಬರುವ ಊರು. ಒಬ್ಬರು ಅಥವಾ ಇಬ್ಬರು ಮಾತ್ರ ಹತ್ತಿರ ಇರಿ, ಟಿವಿ, ಮೊಬೈಲ್ ಬೇಡ. "ನಾನ್ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. "ನಾನು ನಿಮ್ಮ ಹೆಂಡತಿ, ಇದು ಆಸ್ಪತ್ರೆ, ಬೈಕಿನಿಂದ ಬಿದ್ದಿರಿ" ಅಂತ ನೀವೇ ಹೇಳಿ, ಎಷ್ಟು ಸಲ ಆದರೂ ಸರಿ.

ತಲೆಬುರುಡೆಯ ಮೂಳೆ ತೆಗೆದು ಹೊಟ್ಟೆಯಲ್ಲಿ ಇಟ್ಟಿದ್ದಾರಂತೆ. ಹೀಗೂ ಉಂಟಾ?

ಉಂಟು. ಮೆದುಳು ಊದಿಕೊಂಡಾಗ ಜಾಗ ಮಾಡಿಕೊಡಲು ಬುರುಡೆಯ ಒಂದು ಭಾಗ ತೆಗೆಯುತ್ತಾರೆ. ಆ ಮೂಳೆ ಕೆಡದಿರಲಿ ಅಂತ ಹೊಟ್ಟೆಯ ಚರ್ಮದ ಕೆಳಗೆ ಹೊಲಿದಿಡುವುದು ನಮ್ಮ ದೇಶದಲ್ಲಿ ಸಾಮಾನ್ಯ. ಊತ ಇಳಿದು, ಸೋಂಕು ಇಲ್ಲ ಅಂತ ಖಾತ್ರಿಯಾದ ಮೇಲೆ, ಸಾಮಾನ್ಯವಾಗಿ ಕೆಲವು ತಿಂಗಳ ನಂತರ, ಮತ್ತೆ ಕೂರಿಸುತ್ತಾರೆ. ಅಲ್ಲಿಯವರೆಗೆ ಆ ಬದಿಯಲ್ಲಿ ಮೆದುಳಿಗೆ ಚರ್ಮವೇ ಕಾವಲು. ಆ ಕಡೆ ಮಗ್ಗುಲಾಗಿ ಮಲಗಿಸಬೇಡಿ. ಎದ್ದು ಓಡಾಡುವಾಗ ಹೆಲ್ಮೆಟ್ ಹಾಕಿ. ಹೌದು, ಮನೆಯೊಳಗೇ. ಬಿದ್ದ ದಿನ ಹೆಲ್ಮೆಟ್ ಪೆಟ್ರೋಲ್ ಟ್ಯಾಂಕಿನ ಮೇಲಿತ್ತು, ಆಮೇಲೆ ನಡುಮನೆಯಲ್ಲಿ ನಾಲ್ಕು ತಿಂಗಳು ತಲೆಯ ಮೇಲಿತ್ತು.

ಡಿಸ್ಚಾರ್ಜ್ ಆಗುವ ಮೊದಲು ನಾನು ಏನು ಕಲಿತುಕೊಳ್ಳಬೇಕು?

ಮಗ್ಗುಲು ಬದಲಿಸುವುದು, ಎರಡು ಗಂಟೆಗೊಮ್ಮೆ, ರಾತ್ರಿಯೂ. ಏರ್‌ಬೆಡ್ ಇದೆ ಅಂತ ಬಿಟ್ಟರೆ ಹಾಸಿಗೆ ಹುಣ್ಣು ಬಂದೇ ಬರುತ್ತದೆ. ಬಂದ ಮೇಲೆ ವಾಸಿಯಾಗಲು ತಿಂಗಳುಗಟ್ಟಲೆ. ಮಂಚದಿಂದ ಕುರ್ಚಿಗೆ ಕೂರಿಸುವುದನ್ನು ಫಿಸಿಯೋದವರ ಮುಂದೆ ನೀವೇ ಮಾಡಿ ತೋರಿಸಿ. ಸ್ವಾಧೀನವಿಲ್ಲದ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ.

ಊಟದ್ದು ದೊಡ್ಡ ವಿಷಯ. ಮೂಗಿನ ಪೈಪು ತೆಗೆದ ಖುಷಿಯಲ್ಲಿ ಬಂದವರೆಲ್ಲ ಮೊದಲು ಕೊಡುವುದು ನೀರು. ನುಂಗುವ ಶಕ್ತಿ ಸರಿಯಾಗಿಲ್ಲದವರಿಗೆ ತೆಳ್ಳನೆಯ ನೀರೇ ಎಲ್ಲಕ್ಕಿಂತ ಅಪಾಯ: ಗಂಟಲಲ್ಲಿ ಹಿಡಿತಕ್ಕೆ ಸಿಗದೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಕೆಲವರಲ್ಲಿ ಕೆಮ್ಮು ಕೂಡ ಬರುವುದಿಲ್ಲ, ಸದ್ದಿಲ್ಲದೆ ಒಳಗೆ ಇಳಿಯುತ್ತದೆ. ಏನು ಕೊಡಬಹುದು ಅಂತ ಸ್ಪೀಚ್ ಥೆರಪಿಸ್ಟ್ ಪರೀಕ್ಷಿಸಿ ಹೇಳಬೇಕು. ನಮಗೆ ಮೊದಲು ಒಪ್ಪಿಗೆ ಸಿಕ್ಕಿದ್ದು ಗಟ್ಟಿ ರಾಗಿ ಸರಿ. ನೇರ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಚಿಕ್ಕ ಚಮಚದಲ್ಲಿ ಕೊಟ್ಟು, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸುವಂತಿಲ್ಲ. ಅತ್ತೆಯವರು "ಪಾಪ, ಬಾಯಾರಿಕೆ" ಅಂತ ಕದ್ದು ನೀರು ಕೊಟ್ಟ ದಿನ ನಾನು ಜೀವನದಲ್ಲಿ ಮೊದಲ ಬಾರಿ ಅವರ ಮೇಲೆ ಕೂಗಾಡಿದೆ.

ಪುನಶ್ಚೇತನಕ್ಕೆ ಎಲ್ಲಿಗೆ ಹೋಗಬೇಕು? ಬೆಂಗಳೂರಿಗೇ ಹೋಗಬೇಕಾ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗಾಗಿಯೇ ಪುನಶ್ಚೇತನ ವಿಭಾಗವಿದೆ. ನೆನಪು, ಗಮನ ಪರೀಕ್ಷಿಸಿ ತರಬೇತಿ ಕೊಡುವ ನ್ಯೂರೋಸೈಕಾಲಜಿಯವರೂ ಅಲ್ಲಿದ್ದಾರೆ. ಮಾತು, ನುಂಗುವಿಕೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎರಡೂ ಕಡೆ ಕನ್ನಡದಲ್ಲೇ ಕೇಳಬಹುದು, ಹೇಳಬಹುದು. ಎಲ್ಲರೂ ಅಲ್ಲೇ ತಿಂಗಳುಗಟ್ಟಲೆ ಇರಲಾಗದು. ನಾವು ಮಾಡಿದ್ದು ಹೀಗೆ: ಕೆಲವು ತಿಂಗಳಿಗೊಮ್ಮೆ ರೈಲು ಹತ್ತಿ ಹೋಗಿ ಪರೀಕ್ಷೆ ಮಾಡಿಸಿ, ಮುಂದೆ ಏನು ಮಾಡಬೇಕು ಅಂತ ಬರೆಸಿಕೊಂಡು ಬರುವುದು, ದಿನದ ವ್ಯಾಯಾಮ ಊರಿನ ಫಿಸಿಯೋದವರಿಂದ. ಅವರು ಬರುವುದು ದಿನಕ್ಕೆ ಮುಕ್ಕಾಲು ಗಂಟೆ. ಉಳಿದ ಇಪ್ಪತ್ಮೂರು ಕಾಲು ಗಂಟೆ ಮನೆಯೇ ಥೆರಪಿ.

ದಿನವಿಡೀ ಗೋಡೆ ನೋಡಿಕೊಂಡು ಕೂರುತ್ತಾರೆ. ಸೋಮಾರಿತನವಾ, ಬೇಜಾರಾ?

ಎರಡೂ ಅಲ್ಲದೇ ಇರಬಹುದು. ಕೆಲಸ ಶುರುಮಾಡುವ ಕೀಲಿ ಇರುವುದು ಮೆದುಳಿನ ಮುಂಭಾಗದಲ್ಲಿ, ಹಣೆಯ ಹಿಂದೆ. ಬಿದ್ದಾಗ ಹೆಚ್ಚಾಗಿ ಜಖಂ ಆಗುವುದೂ ಅದೇ. ಹೊಟ್ಟೆ ಹಸಿದಿರುತ್ತದೆ, ತಟ್ಟೆ ಮುಂದಿರುತ್ತದೆ, ಕೈ ಹೋಗುವುದಿಲ್ಲ. "ಊಟ ಮಾಡಿ" ಅಂದರೆ ಆಗದ್ದು "ಚಮಚ ಹಿಡಿಯಿರಿ" ಅಂದರೆ ಆಗುತ್ತದೆ. (ಇದರ ಜೊತೆ ಖಿನ್ನತೆಯೂ ಇರುವುದುಂಟು, ಥೈರಾಯ್ಡ್ ಮತ್ತಿತರ ಹಾರ್ಮೋನು ಕಡಿಮೆಯಾಗಿರುವುದೂ ಉಂಟು. ಒಮ್ಮೆ ಡಾಕ್ಟರ ಹತ್ತಿರ ಕೇಳಿ, ರಕ್ತಪರೀಕ್ಷೆ ಮಾಡಿಸಿ.)

ಕೆಲಸವನ್ನು ತುಂಡು ಮಾಡಿ. ಗೋಡೆಯ ಮೇಲೆ ದಿನಚರಿ ಬರೆದು ಅಂಟಿಸಿ, ಪ್ರತಿದಿನ ಅದೇ ಹೊತ್ತಿಗೆ ಅದೇ ಕೆಲಸ. ಇಷ್ಟು ಯಾರಾದರೂ ಹೇಳುತ್ತಾರೆ. ಯಾರೂ ಹೇಳದ್ದು, ನಾನು ತಡವಾಗಿ ಕಲಿತದ್ದು, ಕೈ ಕಟ್ಟಿಕೊಂಡು ಕೂರುವುದು. ಇವರು ಚಪ್ಪಲಿ ಹಾಕಿಕೊಳ್ಳಲು ಆರು ನಿಮಿಷ ತೆಗೆದುಕೊಳ್ಳುತ್ತಿದ್ದರು. ನಾನು ಹಾಕಿಸಿದರೆ ಹತ್ತು ಸೆಕೆಂಡು. ಆಟೋ ಹೊರಗೆ ಹಾರ್ನ್ ಮಾಡುತ್ತಿದೆ, ಅಕ್ಕಪಕ್ಕದವರು "ಇವಳೆಂಥ ಹೆಂಗಸು, ಚಪ್ಪಲಿ ಹಾಕಿಸಬಾರದಾ" ಅಂತ ನೋಡುತ್ತಿದ್ದಾರೆ. ಆ ಆರು ನಿಮಿಷ ಸುಮ್ಮನಿರುವುದು ಮಗ್ಗುಲು ಬದಲಿಸುವುದಕ್ಕಿಂತ ಕಷ್ಟ. ನಾನು ಸೆರಗಿನ ತುದಿ ಎರಡೂ ಕೈಯಲ್ಲಿ ಹಿಡಿದುಕೊಂಡು ಮನಸ್ಸಿನಲ್ಲೇ ಇಪ್ಪತ್ತರ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಮಗ್ಗಿ ಮುಗಿದರೂ ಆಗದಿದ್ದರೆ ಒಂದು ಮಾತಿನ ಸುಳಿವು, ಅದಕ್ಕೂ ಆಗದಿದ್ದರೆ ಮಾತ್ರ ಕೈ.

ಗಮನಕ್ಕೆ ನಿಮ್ಹಾನ್ಸ್‌ನವರು ಹೇಳಿಕೊಡುವ ಅಭ್ಯಾಸಗಳಲ್ಲಿ ಕಾಳು ಬೇರ್ಪಡಿಸುವುದೂ ಒಂದು. ಎರಡು ಮೂರು ಬಗೆಯ ಧಾನ್ಯ ಬೆರೆಸಿಟ್ಟು ವಿಂಗಡಿಸಲು ಕೊಡುವುದು, ಎಷ್ಟು ಹೊತ್ತಾಯಿತು, ಎಷ್ಟು ತಪ್ಪಾಯಿತು ಅಂತ ಬರೆದಿಡುವುದು. ಇವರು ಹೆಸರುಕಾಳು, ಉದ್ದಿನಕಾಳಿಗೆ ಐದು ನಿಮಿಷವೂ ಕೂರಲಿಲ್ಲ. "ಇದು ಹೆಂಗಸರ ಕೆಲಸ" ಅಂತ ತಳ್ಳಿದರು. ನನ್ನ ಭಾವ ಒಂದು ದಿನ ರಾಶಿ, ಗೊರಬಲು ಅನ್ನುವ ಎರಡು ದರ್ಜೆಯ ಅಡಿಕೆ ಬೆರೆಸಿ ಮುಂದೆ ಸುರಿದರು. ನಲವತ್ತು ನಿಮಿಷ ತಲೆ ಎತ್ತಲಿಲ್ಲ. ನಿಮ್ಮವರ ಕೈಗೆ ಹಿಂದೆ ಯಾವ ಕೆಲಸ ಒಗ್ಗಿತ್ತೋ ಅಲ್ಲಿಂದ ಶುರುಮಾಡಿ: ದರ್ಜಿಗೆ ಗುಂಡಿ, ಮೆಕ್ಯಾನಿಕ್‌ಗೆ ನಟ್ಟು ಬೋಲ್ಟು, ಹೂ ಕಟ್ಟುತ್ತಿದ್ದವರಿಗೆ ಬಾಳೆನಾರು.

ಕೇಳಿದ್ದನ್ನೇ ಕೇಳುತ್ತಾರೆ. ಆಗದೇ ಇದ್ದದ್ದನ್ನೂ ಆಯಿತು ಅನ್ನುತ್ತಾರೆ. ಸುಳ್ಳು ಕಲಿತರಾ?

ಇಲ್ಲ. ನೆನಪಿನಲ್ಲಿ ತೂತು ಬಿದ್ದ ಜಾಗಕ್ಕೆ ಮೆದುಳು ತಾನೇ ತೇಪೆ ಹಾಕುತ್ತದೆ, ಅವರಿಗೆ ಅದು ನಿಜವೇ. "ಬೆಳಿಗ್ಗೆ ಅಪ್ಪ ಬಂದಿದ್ದರು" ಅಂದರು ಒಮ್ಮೆ. ಮಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ವಾದ ಮಾಡಬೇಡಿ, ಒಪ್ಪಿಕೊಂಡು ಕಥೆ ಬೆಳೆಸಲೂ ಬೇಡಿ. "ಮಾವನ ನೆನಪಾಯಿತಾ" ಅಂತ ಕೇಳಿ ಬೇರೆ ಕಡೆ ತಿರುಗಿಸಿ.

ಹೊಸದನ್ನು ಕಲಿಸುವಾಗ "ಊಹಿಸಿ ಹೇಳಿ" ಅನ್ನಬೇಡಿ. ತಪ್ಪು ಊಹೆಯೇ ತಲೆಯಲ್ಲಿ ಕೂತುಬಿಡುತ್ತದೆ. ಸರಿ ಉತ್ತರ ಮೊದಲೇ ಹೇಳಿ, ಅವರಿಂದ ಹೇಳಿಸಿ. ಒಂದೇ ಡೈರಿ, ಒಂದೇ ಜಾಗ, ಅದಕ್ಕೊಂದು ದಾರ ಕಟ್ಟಿದ ಪೆನ್ನು. ಏನು ಕೇಳಿದರೂ "ಡೈರಿ ನೋಡೋಣ".

ಮಾತು ಹೋಗಿದೆ, ಆದರೆ ದೇವರನಾಮ ಪೂರ್ತಿ ಹೇಳುತ್ತಾರೆ. ನಾಟಕವಾ?

ಬಾಯಿಪಾಠವಾದ ಹಾಡು, ಮಗ್ಗಿ, ವಾರದ ಹೆಸರು, ಬೈಗುಳ ಇವೆಲ್ಲ ತಾನಾಗಿ ಹರಿಯುವ ಮಾತು. ಯೋಚಿಸಿ ಕಟ್ಟುವ ಮಾತಿಗಿಂತ ಬೇರೆ ದಾರಿಯಲ್ಲಿ ಬರುತ್ತದೆ. ಆದ್ದರಿಂದ "ನೀರು" ಅನ್ನಲಾಗದವರು ಬೈಯಬಲ್ಲರು. ಎರಡು ಮೂರು ಭಾಷೆ ಬಲ್ಲವರಲ್ಲಿ ಒಂದು ಭಾಷೆ ಮೊದಲು ಮರಳಿ, ಇನ್ನೊಂದು ಹಿಂದೆ ಬೀಳುವುದೂ ಉಂಟು. ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಆಡುತ್ತಿದ್ದರೆ ಥೆರಪಿಸ್ಟ್‌ಗೆ ಮೊದಲೇ ತಿಳಿಸಿ. ಪ್ರಶ್ನೆಗಳನ್ನು ಹೌದು, ಇಲ್ಲ ಅನ್ನುವ ಹಾಗೆ ಕೇಳಿ. ಜೋರಾಗಿ ಕೂಗಬೇಡಿ, ಕಿವಿ ಸರಿಯಿದೆ.

ಸಿಟ್ಟು ತಡೆಯಲು ಆಗುತ್ತಿಲ್ಲ. ಎಂದೂ ಕೈ ಎತ್ತದವರು ಈಗ ಹೊಡೆಯುತ್ತಾರೆ.

ಮೊದಲು ಕಾರಣ ಹುಡುಕಿ. ನಿದ್ದೆ ಆಗಿದೆಯಾ, ಮಲಬದ್ಧತೆಯಾ, ತಲೆನೋವಾ, ಮನೆತುಂಬ ನೆಂಟರಾ? ಎಲ್ಲಕ್ಕಿಂತ ಹೆಚ್ಚಾಗಿ ಆಯಾಸ. ಹೊರಗಿನಿಂದ ಕಾಣದ ಆಯಾಸ ಅದು, ಹತ್ತು ನಿಮಿಷ ಮಾತಾಡಿದರೆ ಅವರಿಗೆ ಗದ್ದೆ ಉತ್ತಷ್ಟು ಸುಸ್ತು. ಇವರು ಸಂಜೆ ಐದರ ಮೇಲೆ ಸಿಡುಕುತ್ತಿದ್ದರು. ಮಧ್ಯಾಹ್ನ ಒಂದು ಗಂಟೆ ಕತ್ತಲು ಕೋಣೆಯಲ್ಲಿ ಮಲಗಿಸಲು ಶುರುಮಾಡಿದ ಮೇಲೆ ಅರ್ಧ ಇಳಿಯಿತು.

ಮಾತ್ರೆಯ ಚೀಟಿಯನ್ನೂ ನೋಡಿ. ಫಿಟ್ಸ್ ಬರದಿರಲಿ ಅಂತ ಕೊಡುವ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಡುಕು, ಸಿಟ್ಟು ತರುತ್ತದೆ. ಹಾಗನ್ನಿಸಿದರೆ ಡಾಕ್ಟರಿಗೆ ಹೇಳಿ. ನೀವೇ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಸಿಟ್ಟು ಏರಿದಾಗ ಬುದ್ಧಿ ಹೇಳುವ ಹೊತ್ತಲ್ಲ. ಕೋಣೆಯಿಂದ ಹೊರಬನ್ನಿ, ಮಕ್ಕಳನ್ನೂ ಕರೆತನ್ನಿ. ಪೆಟ್ಟು ಮೆದುಳಿನದ್ದೇ ಆದರೂ ಏಟು ಬೀಳುವುದು ನಿಮ್ಮ ಮೈಮೇಲೆ. "ಕಾಯಿಲೆ ಅಲ್ವಾ, ಸಹಿಸಿಕೋ" ಅನ್ನುವ ಹಿರಿಯರ ಮಾತಿಗೆ ನಾನು ಕಿವಿಗೊಡುವುದನ್ನು ಬಿಟ್ಟಿದ್ದೇನೆ. ಹೊಡೆತವಿದ್ದರೆ ಮನೋವೈದ್ಯರಿಗೆ ಬಾಯಿಬಿಟ್ಟು ಹೇಳಿ, ಅದಕ್ಕೆ ಔಷಧಿ ಇದೆ.

"ನನಗೇನೂ ಆಗಿಲ್ಲ, ಗಾಡಿ ಕೀ ಕೊಡು" ಅನ್ನುತ್ತಾರೆ.

ಇದು ಹಟವಲ್ಲ, ತನಗೇನಾಗಿದೆ ಅಂತ ಅಳೆಯುವ ಭಾಗಕ್ಕೇ ಪೆಟ್ಟಾಗಿದೆ. ವಾದಿಸಿ ಗೆದ್ದವರಿಲ್ಲ. ನಾವು ಡಾಕ್ಟರಿಂದ "ಗಾಡಿ ಓಡಿಸುವಂತಿಲ್ಲ" ಅಂತ ಬರೆಸಿ, ಸೀಲು ಹಾಕಿಸಿ ಗೋಡೆಗೆ ಅಂಟಿಸಿದೆವು. ನನ್ನ ಮಾತಿಗಿಲ್ಲದ ಬೆಲೆ ಸೀಲಿಗಿತ್ತು. ಫಿಟ್ಸ್ ಕಾಯಿಲೆ ಇದ್ದವರಿಗೆ ನಮ್ಮಲ್ಲಿ ಲೈಸೆನ್ಸ್ ಕೊಡುವಂತೆಯೂ ಇಲ್ಲ. ಬೈಕು ಮಾರಿದ್ದೇ ಒಳ್ಳೆಯದಾಯಿತು. ಮೊಬೈಲ್ ಬ್ಯಾಂಕಿಂಗ್ ವಿಷಯವೂ ಹಾಗೇ: ಕೆವೈಸಿ ಅಂತ ಯಾರೋ ಫೋನ್ ಮಾಡಿದರೆ ಓಟಿಪಿ ಹೇಳಿಬಿಡುತ್ತಾರೆ. ದಿನದ ಮಿತಿಯನ್ನು ಐನೂರಕ್ಕೆ ಇಳಿಸಿ. ಕಿಸೆಯಲ್ಲಿ ನೂರು ರೂಪಾಯಿ ಮಾತ್ರ ಇರಲಿ, ಬರಿಗೈ ಮಾಡಬೇಡಿ.

ಫಿಟ್ಸ್ ಬಂದರೆ?

ಒಂದು ಬದಿಗೆ ಹೊರಳಿಸಿ, ಸುತ್ತಲಿನ ಗಟ್ಟಿ ವಸ್ತು ಸರಿಸಿ, ಗಡಿಯಾರ ನೋಡಿ. ಕೈಗೆ ಕೀ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು, ಚಪ್ಪಲಿ ಮೂಸಿಸುವುದು ಯಾವುದೂ ಬೇಡ. ಐದು ನಿಮಿಷ ದಾಟಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ 108.

ದುಡ್ಡು, ಕೇಸು, ಸರ್ಟಿಫಿಕೇಟು?

ಮೋಟಾರು ವಾಹನ ಪರಿಹಾರದ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಹಾಕಬೇಕು ಅಂತ 2022ರ ಏಪ್ರಿಲ್‌ನಿಂದ ಕಾಯಿದೆ ಇದೆ. ಐಸಿಯು ಗಡಿಬಿಡಿಯಲ್ಲಿ ಆರು ತಿಂಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಳೆಯುತ್ತದೆ. ಎಫ್‌ಐಆರ್, ಡಿಸ್ಚಾರ್ಜ್ ಸಮ್ಮರಿ, ಪ್ರತಿಯೊಂದು ಬಿಲ್ಲು ಜೋಪಾನ ಮಾಡಿ. ನೋಡಿಕೊಳ್ಳುವವರ ಖರ್ಚನ್ನೂ ಕೇಳಿ: ತಲೆಗೆ ಪೆಟ್ಟಾಗಿ ಪೂರ್ತಿ ಪರಾವಲಂಬಿಯಾದ ಬಾಲಕಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇಬ್ಬರು ಸಹಾಯಕರ ಖರ್ಚನ್ನು ವರ್ಷಗಳ ಲೆಕ್ಕದಲ್ಲಿ ಗುಣಿಸಿ ಕೊಡಿಸಿದೆ.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಮೆದುಳಿನ ಪೆಟ್ಟು ಅಂತ ಪ್ರತ್ಯೇಕ ಹೆಸರಿಲ್ಲ. ಕೈಕಾಲಿನದ್ದು ಚಲನ ವೈಕಲ್ಯದಲ್ಲಿ, ಮಾತಿನದ್ದು ವಾಕ್ ಮತ್ತು ಭಾಷಾ ವೈಕಲ್ಯದಲ್ಲಿ ಬರುತ್ತದೆ. ವೈಕಲ್ಯ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಸರ್ಟಿಫಿಕೇಟಿನಲ್ಲಿ ಇದ್ದರೆ ಸೌಲಭ್ಯಗಳು. ಮರೆವು ಮತ್ತು ಸ್ವಭಾವದ ಬದಲಾವಣೆ ಸರ್ಟಿಫಿಕೇಟು ಕೊಡುವ ವೈದ್ಯಕೀಯ ಬೋರ್ಡಿನವರ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ನ್ಯೂರೋಸೈಕಾಲಜಿ ವರದಿ ಕೈಯಲ್ಲಿರಲಿ. ಸರ್ಕಾರಿ ನೌಕರರಾಗಿದ್ದರೆ ನೆನಪಿಡಿ: ಸೇವೆಯಲ್ಲಿದ್ದಾಗ ವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಅಂತ ಅದೇ ಕಾಯಿದೆಯ 20ನೇ ಕಲಮು ಹೇಳುತ್ತದೆ. ಯಾರಾದರೂ ರಾಜೀನಾಮೆ ಬರೆಸಿಕೊಳ್ಳಲು ಬಂದರೆ ಸಹಿ ಹಾಕಿಸಬೇಡಿ. ಅರಿವಿಲ್ಲದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಪವರ್ ಆಫ್ ಅಟಾರ್ನಿಯೂ ನಿಲ್ಲುವುದಿಲ್ಲ, ವಕೀಲರನ್ನು ಕೇಳಿ.

ಮಕ್ಕಳಿಗೆ ಏನು ಹೇಳಲಿ?

ನಿಜ. ನನ್ನ ಮಗಳಿಗೆ ಆಗ ಏಳು ವರ್ಷ. "ಅಪ್ಪನ ತಲೆಯೊಳಗಿನ ಬ್ರೇಕು ಸಡಿಲವಾಗಿದೆ, ಸಿಟ್ಟು ನಿನ್ನ ಮೇಲಲ್ಲ" ಅಂದೆ. ಅವಳಿಗೆ ಅರ್ಥವಾಯಿತು. ಅತ್ತೆಗೆ ಅರ್ಥ ಮಾಡಿಸಲು ಇನ್ನೂ ಎರಡು ವರ್ಷ ಬೇಕಾಯಿತು.

ಗಂಡ-ಹೆಂಡತಿ ಅನ್ನುವ ಸಂಬಂಧ ಉಳಿಯುತ್ತದಾ?

ಈ ಪ್ರಶ್ನೆಯನ್ನು ಬೆಂಚಿನ ಮೇಲೆ ಯಾರೂ ಕೇಳುವುದಿಲ್ಲ, ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದು ಬಂದು ಕೇಳುತ್ತಾರೆ. ಬೆಳಿಗ್ಗೆ ಒರೆಸಿ, ತೊಳೆದು, ಉಣಿಸಿದ ಮೈಯನ್ನು ರಾತ್ರಿ ಬೇರೆ ಕಣ್ಣಿನಿಂದ ನೋಡುವುದು ಸುಲಭವಲ್ಲ. ಅವರಲ್ಲಿ ಆಸೆ ಪೂರ್ತಿ ಆರಿಹೋಗಿರಬಹುದು, ಇಲ್ಲವೇ ಹೊತ್ತು ಗೊತ್ತಿಲ್ಲದೆ ಉಕ್ಕಬಹುದು. ಎರಡೂ ಪೆಟ್ಟಿನ ಪರಿಣಾಮವೇ, ಎರಡನ್ನೂ ಡಾಕ್ಟರ ಹತ್ತಿರ ಹೇಳಬಹುದು. ನಿಮಗೆ ಬೇಡವೆನ್ನಿಸಿದರೆ ಬೇಡ ಅನ್ನುವ ಹಕ್ಕು ನಿಮ್ಮದೇ.

ಎದುರಿಗೇ ಇರುವ ಮನುಷ್ಯನಿಗಾಗಿ ಅಳು ಬರುತ್ತದೆ. ಸತ್ತವರಿಗಾದರೆ ತಿಥಿ ಇದೆ, ಅಳಲು ಜನ ಕೂಡುತ್ತಾರೆ. ಇದಕ್ಕೆ ಅಂಥ ದಿನವಿಲ್ಲ. ನನಗೆ ಸಹಾಯವಾದದ್ದು ಸ್ನಾನ ಮಾಡಿಸಲು ಒಬ್ಬ ಹುಡುಗನನ್ನು ಗೊತ್ತುಮಾಡಿದ್ದು. ಸಂಬಳ ಕೊಡಲು ಬಳೆ ಅಡವಿಟ್ಟೆ. ಆ ಒಂದು ಕೆಲಸ ನನ್ನ ಕೈ ಬಿಟ್ಟ ಮೇಲೆ ಸಂಜೆ ಜಗಲಿಯಲ್ಲಿ ಇವರ ಪಕ್ಕ ಸುಮ್ಮನೆ ಕೂರಲು ಸಾಧ್ಯವಾಯಿತು.

ನನಗೇ ಹುಚ್ಚು ಹಿಡಿಯುತ್ತದೇನೋ ಅನ್ನಿಸುತ್ತದೆ.

14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ಸರ್ಕಾರದ್ದು, 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ರೋಗಿಗೆ ಮಾತ್ರ ಅಂತೇನಿಲ್ಲ. "ಏನಾದರೂ ಬೇಕಾದರೆ ಹೇಳಿ" ಅನ್ನುವ ನೆಂಟರಿಗೆ ಹೇಳಿಯೇ ಬಿಡಿ: "ಬುಧವಾರ ಮಧ್ಯಾಹ್ನ ಎರಡರಿಂದ ಐದು ನೀವು ಬಂದು ಕೂರಿ." ಮೂವರಲ್ಲಿ ಒಬ್ಬರು ಬಂದರೂ ಲಾಭ.

ಗಂಡಸರಿಗೆ ಬೇರೆ ಏನಾದರೂ?

ಹೆಂಡತಿಗೆ ಪೆಟ್ಟಾದರೆ ಅವಳನ್ನು ತವರಿಗೆ ಬಿಟ್ಟು ಬರುವುದನ್ನು ನಾನು ಬೆಂಚಿನಲ್ಲಿ ಕೂತೇ ಮೂರು ಸಲ ಕಂಡಿದ್ದೇನೆ. ಇದನ್ನು ಓದುತ್ತಿರುವವರು ಹಾಗೆ ಮಾಡಿಲ್ಲ ಅಂದುಕೊಳ್ಳುತ್ತೇನೆ. ಅಡುಗೆಮನೆ ಅವಳಿಗೆ ಅತ್ಯುತ್ತಮ ಥೆರಪಿ, ಅತಿ ಅಪಾಯದ ಜಾಗವೂ ಹೌದು. ತಲೆಗೆ ಪೆಟ್ಟಾದ ಹಲವರಿಗೆ ವಾಸನೆ ಹೋಗಿರುತ್ತದೆ. ಗ್ಯಾಸ್ ಸೋರಿದರೂ, ಸಾರು ಹಳಸಿದರೂ ತಿಳಿಯುವುದಿಲ್ಲ. ಸಿಲಿಂಡರ್ ಬದಲು ಇಂಡಕ್ಷನ್ ಒಲೆ ತನ್ನಿ. ನೀವು ಪಕ್ಕದಲ್ಲಿರಿ, ಸೌಟು ಅವಳ ಕೈಯಲ್ಲೇ ಇರಲಿ.

ಈಗ ನಿಮ್ಮ ಮನೆಯವರು ಹೇಗಿದ್ದಾರೆ?

ಬೆಳಿಗ್ಗೆ ಮಂಡಿಗೆ ಹೋಗಿ ಮೂರು ಗಂಟೆ ಇದ್ದು ಬರುತ್ತಾರೆ. ಲೆಕ್ಕ ಬರೆಯುವುದಕ್ಕಲ್ಲ, ಚೀಲಗಳ ಮೇಲೆ ನಂಬರು ಬರೆಯುತ್ತಾರೆ, ಭಾವ ಪಕ್ಕದಲ್ಲೇ ಇರುತ್ತಾರೆ. ಎಡಗಾಲು ಎಳೆಯುತ್ತದೆ. ಮಧ್ಯಾಹ್ನ ಮಲಗುತ್ತಾರೆ. ನಾಲ್ಕಕ್ಕೆ ಕಾಫಿ ಮಾಡುವುದು ಇವರ ಪಾಳಿ, ಗೋಡೆಯ ಚೀಟಿಯಲ್ಲಿ ಹಾಗೆಂದು ಬರೆದಿದೆ. ಹಾಲು ಉಕ್ಕುವ ವಾಸನೆ ಬರುವುದಿಲ್ಲವಾದ್ದರಿಂದ ಪಾತ್ರೆಯ ಮುಂದೆಯೇ ನಿಂತು ನೋಡುತ್ತಾರೆ. ನನ್ನ ಲೋಟಕ್ಕೆ ಕೆಲವು ದಿನ ಸಕ್ಕರೆ ಎರಡು ಸಲ ಬೀಳುತ್ತದೆ, ಕೆಲವು ದಿನ ಬೀಳುವುದೇ ಇಲ್ಲ. ನಾನು ಹೊರಗೆ ಜಗಲಿಯಲ್ಲಿ ಕೂತಿರುತ್ತೇನೆ, ಮಗ್ಗಿ ಹೇಳಿಕೊಳ್ಳುತ್ತಾ.